ಮೀನಿನ ಕಿವಿಗಲ್ಲು ಮತ್ತು ಬಿತ್ತನೆಯ ದಫ್ತರ

ಪರಸ್ಥಳದ ಮೀನೊಂದು ನಮ್ಮ ನದಿಯನ್ನು ಸೇರಿ ಅಲ್ಲಿನ ಮೂಲ ಮೀನನ್ನು ಹಿಂದಟ್ಟಿತೆಂದರೆ ಅದು ಎಲ್ಲಿಂದ ಬಂದಿತು, ಯಾವಾಗ ಬಂದಿತು, ಯಾರು ತಂದರು ಎಂಬ ಮೂರು ಪ್ರಶ್ನೆಗಳೇಳುತ್ತವೆ. ಇವು ಮೂಲತಃ ಇತಿಹಾಸದ ಪ್ರಶ್ನೆಗಳೇ. ಆದರೆ ಈಚಿನ ದಶಕಗಳಲ್ಲಿ ಇವಕ್ಕೆ ರಸಾಯನಶಾಸ್ತ್ರವು ಉತ್ತರ ಹೇಳತೊಡಗಿದೆ. ಆ ಸಾಕ್ಷ್ಯದ ಬೆಲೆಯೆಷ್ಟು, ಮಿತಿಯೆಲ್ಲಿ ಎಂಬುದನ್ನು, ನಾವು ಶಾಸನಗಳನ್ನು ಪರೀಕ್ಷಿಸುವ ಕ್ರಮದಿಂದಲೇ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೀನಿನ ಒಳಗಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳುಂಟು. ಇವನ್ನು ಕಿವಿಗಲ್ಲುಗಳೆಂದು ಕರೆಯಬಹುದು. ಮರದ ಕಾಂಡದಲ್ಲಿ ಉಂಗುರಗಳು ಕೂಡುವಂತೆ ಇವುಗಳ ಮೇಲೆ ಪದರದ ಮೇಲೆ ಪದರ ಕೂಡುತ್ತದೆ. ಒಮ್ಮೆ ಕೂಡಿದ ಪದರವು ಎಲುಬಿನಂತೆ ಮತ್ತೆ ಕರಗಿ ರಕ್ತಕ್ಕೆ ಸೇರುವುದಿಲ್ಲ. ಮೀನು ಇದ್ದ ನೀರಿನ ಸ್ಟ್ರಾಂಷಿಯಂ ಧಾತುವು ಕ್ಯಾಲ್ಸಿಯಮ್ಮಿನ ಸ್ಥಾನದಲ್ಲಿ ಅಲ್ಪಪ್ರಮಾಣದಲ್ಲಿ ಈ ಪದರಗಳೊಳಗೆ ನಿಲ್ಲುತ್ತದೆ. ಆದುದರಿಂದ ಹರಳನ್ನು ಕೊಯ್ದು ನಡುವಿನಿಂದ ಅಂಚಿನವರೆಗೆ ಅಳೆಯುತ್ತ ಹೋದರೆ ಮೀನಿನ ಜನ್ಮಸ್ಥಳದಿಂದ ಮರಣಸ್ಥಳದವರೆಗಿನ ನೀರುಗಳ ಅನುಕ್ರಮವು ಗೋಚರಿಸುತ್ತದೆ.

ಈ ವಿಧಾನದ ಪ್ರಸಿದ್ಧ ನಿದರ್ಶನವು ಅಮೆರಿಕೆಯದು. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಎಂಬ ಪರಕೀಯ ಮೀನು ಪತ್ತೆಯಾಯಿತು. ಅದು ಅಲ್ಲಿನ ಸ್ವದೇಶಿ ಟ್ರೌಟ್ ಮೀನನ್ನು ತಿಂದು ಬದುಕುವಂಥದು. 2005ರಲ್ಲಿ ಮನ್ರೋ, ಮೆಕ್‌ಮೇಹನ್, ರುಜಿಕಿ ಎಂಬ ಸಂಶೋಧಕರು ಕಿವಿಗಲ್ಲುಗಳಲ್ಲಿನ ಸ್ಟ್ರಾಂಷಿಯಮ್ಮಿನ ಪ್ರಮಾಣವನ್ನು ಅಳೆದು, ಈ ಮೀನುಗಳು ಸಮೀಪದ ಲೂಯಿಸ್ ಸರೋವರದಿಂದ 1980ರ ದಶಕದ ಕೊನೆಯ ಭಾಗದಲ್ಲಿ ಬಂದವೆಂದು ತೋರಿಸಿದರು. ಸ್ಥಳ, ಕಾಲಗಳೆರಡನ್ನೂ ಹೇಳುವ ಇಂಥ ಸಾಕ್ಷಿ ಅಪೂರ್ವವೇ ಸರಿ. ಆದರೆ ಲೂಯಿಸ್ ಸರೋವರದಲ್ಲಿಯೂ ಆ ಮೀನು ಸಹಜವಾಗಿ ಇದ್ದುದಲ್ಲ. 1890ರಲ್ಲಿ ಸರಕಾರದ ಮೀನುಗಾರಿಕೆ ಆಯೋಗವೇ ಅದನ್ನು ಅಲ್ಲಿಗೆ ತಂದು ಬಿಟ್ಟಿತ್ತು. ಈ ಹಿಂದಿನ ಕೊಂಡಿಯನ್ನು ಒದಗಿಸಿದುದು ಹರಳಲ್ಲ, ಕಾಗದ. ಮುಂದಿನ ಕೊಂಡಿಯಲ್ಲಿ, ಎಂದರೆ ಲೂಯಿಸ್‌ನಿಂದ ಯೆಲ್ಲೊಸ್ಟೋನಿಗೆ ಮೀನನ್ನು ಒಯ್ದ ಕೈ ಯಾರದೆಂಬಲ್ಲಿ, ಕಾಗದವೂ ಇಲ್ಲ, ಹರಳೂ ಮಾತನಾಡುವುದಿಲ್ಲ.

ಕನ್ನಡ ನಾಡು ಈ ವಿಧಾನಕ್ಕೆ ಹೇಳಿಮಾಡಿಸಿದ ನೆಲ. ರುಬಿಡಿಯಂ ಧಾತುವು ಕೋಟ್ಯಂತರ ವರ್ಷಗಳಲ್ಲಿ ಕ್ಷಯಿಸಿ ಸ್ಟ್ರಾಂಷಿಯಮ್ಮಿನ ಒಂದು ಸಮಸ್ಥಾನಿಯಾಗಿ ಮಾರ್ಪಡುವುದರಿಂದ ಹಳೆಯ ನೈಸ್ ಶಿಲೆಯಲ್ಲಿ ಆ ಸಮಸ್ಥಾನಿಯ ಪಾಲು ಹೆಚ್ಚು. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಮೇಲೆ ಹರಿಯುವ ಕಾವೇರಿಗೂ, ಸುಮಾರು 6.6 ಕೋಟಿ ವರ್ಷದ ದಖ್ಖನ್ ಲಾವಾಶಿಲೆಯಲ್ಲಿ ಹುಟ್ಟುವ ಭೀಮೆಗೂ ಇರುವ ಅಂತರವು ನೀರಿನಲ್ಲಿಯೇ ಲಿಖಿತವಾಗಿದೆ.

ಈ ಅಂತರವು ಮುಖ್ಯವಾಗುವ ಪ್ರಸಂಗವೊಂದು ನಮ್ಮಲ್ಲಿ ನಡೆದಿದೆ. ಕಾವೇರಿ ತೀರದವರು ಬಿಳಿಮೀನೆನ್ನುವ ಮಹಶೀರ್ ಜಾತಿಯಲ್ಲಿ ಡುಬ್ಬವುಳ್ಳ ಒಂದು ಪ್ರಭೇದವು ಆ ನದೀವ್ಯವಸ್ಥೆಗೆ ಮಾತ್ರ ಸೇರಿದುದು. ಇನ್ನೊಂದು, ನೀಲಿ ರೆಕ್ಕೆಯ ಮಹಶೀರ್. ಇದನ್ನು 1839ರಲ್ಲಿ ಸೈಕ್ಸನು ಪುಣೆಯ ಬಳಿಯ ನದಿಯಿಂದ, ಎಂದರೆ ಭೀಮೆಯ ಜಲಾನಯನದಿಂದ, ವರ್ಣಿಸಿದನು. ಇದೇ ಮೀನಿನ ಮರಿಗಳನ್ನು ಲೋನಾವಳೆಯ ಮರಿಕೇಂದ್ರದಲ್ಲಿ ಬೆಳೆಸಿ, ಮಹಶೀರ್ ಸಂರಕ್ಷಣೆಯ ಸದುದ್ದೇಶದಿಂದಲೇ, ಕಾವೇರಿಗೆ ಬಿಡಲಾಯಿತು. ಗಾಳಿಬೋರೆಯಲ್ಲಿ ಗಾಳ ಹಾಕುತ್ತಿದ್ದ ಹವ್ಯಾಸಿಗಳು 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,161 ಮಹಶೀರ್‌ಗಳ ಲೆಕ್ಕವನ್ನು ಪಿಂಡರ್, ರಾಘವನ್, ಬ್ರಿಟನ್ ಎಂಬವರು 2015ರಲ್ಲಿ ಪರಿಶೀಲಿಸಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ ಡುಬ್ಬದ ಮೀನು ಕ್ಷೀಣಿಸಿದುದು ಕಂಡಿತು. ಡುಬ್ಬದ ಮೀನಿಗೆ ಶಾಸ್ತ್ರೀಯವಾಗಿ ಟಾರ್ ರೆಮದೇವಿಯೈ ಎಂಬ ಹೆಸರು ನಿಶ್ಚಿತವಾದುದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಅದು ತೀವ್ರ ಅಪಾಯದ ಪಟ್ಟಿಯನ್ನೂ ಸೇರಿತು. ಶಾಸ್ತ್ರಕ್ಕೆಂದಲ್ಲದೆ ತಮ್ಮ ಬೇಟೆಯ ಹೆಮ್ಮೆಗೆಂದು ಬರೆದಿಟ್ಟ ಪುಸ್ತಕವೇ ಈ ನಷ್ಟಕ್ಕೆ ಪ್ರಧಾನ ಆಧಾರವಾಯಿತೆಂಬುದು ಇತಿಹಾಸದ ವಿದ್ಯಾರ್ಥಿಗೆ ಹೊಸದಾಗಿ ತೋರದು.

ಇಲ್ಲಿ ಕಿವಿಗಲ್ಲು ಏನು ಹೇಳಬಲ್ಲುದು? ಲೋನಾವಳೆಯ ಲಾವಾನೆಲದ ನೀರಿನಲ್ಲಿ ಹುಟ್ಟಿ ಕಾವೇರಿಯಲ್ಲಿ ಬೆಳೆದ ಮೀನಿನ ಹರಳಿನಲ್ಲಿ ನಡುವೆ ಒಂದು ಗುರುತು, ಅಂಚಿನಲ್ಲಿ ಮತ್ತೊಂದು ಗುರುತು ಇರಬೇಕು. ಬಿತ್ತಿದ ಮೀನು ಯಾವುದು, ನದಿಯಲ್ಲಿಯೇ ಹುಟ್ಟಿದುದು ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಆ ಮೀನಿನ ಮರಿ ಕಾವೇರಿಯಲ್ಲಿ ಹುಟ್ಟಿದರೆ ಅದರ ಹರಳು ಕಾವೇರಿಯದೇ. ಎರಡನೆಯ ತಲೆಮಾರಿನ ವಲಸೆಗಾರನು ರಸಾಯನದ ಕಣ್ಣಿಗೆ ಸ್ಥಳೀಕನೇ. ವಂಶವನ್ನು ಹೇಳಲು ಡಿಎನ್‌ಎ ಬೇಕು. ಇನ್ನೊಂದು ತೊಡಕೆಂದರೆ, ಮೊಟ್ಟೆಯ ಹಳದಿಯ ಮೂಲಕ ತಾಯಿಯಿದ್ದ ನೀರಿನ ಗುರುತು ಹರಳಿನ ಗರ್ಭಭಾಗಕ್ಕೆ ಇಳಿಯುತ್ತದೆ. ಆದಕಾರಣ ಅತ್ಯಂತ ಒಳಗಿನ ಬಿಂದುವನ್ನೇ ಜನ್ಮಸ್ಥಳವೆಂದು ಓದುವುದು ಸಾಧುವಲ್ಲ.

ನಮ್ಮ ಗದಗ ಪ್ರಾಂತದಲ್ಲಿ ತೊಡಕು ಮತ್ತೂ ಹೆಚ್ಚು. ಹಮ್ಮಿಗಿಯ ಬಳಿ ಎತ್ತಿದ ತುಂಗಭದ್ರೆಯ ನೀರು ಸಿಂಗಟಾಲೂರ ಯೋಜನೆಯಿಂದ ದಕ್ಷಿಣದ ಹೊಲಗಳಿಗೂ, ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ನೀರು ಬಲದಂಡೆ ಕಾಲುವೆಯಿಂದ ನರಗುಂದ, ರೋಣಗಳ ಕಡೆಗೂ ಹರಿಯುತ್ತದೆ. ನದಿಯೊಂದಕ್ಕೆ ಗುರುತೊಂದು ಎಂಬ ಆಧಾರದ ಮೇಲೆ ನಿಂತ ವಿಧಾನವು ಕಾಲುವೆಯ ನಾಡಿನಲ್ಲಿ ಎಚ್ಚರದಿಂದ ನಡೆಯಬೇಕು. ಮರಿಕೇಂದ್ರವೊಂದು ತುಂಗಭದ್ರೆಯ ನೀರನ್ನೇ ಬಳಸಿದರೆ, ಅಲ್ಲಿನ ಮರಿಗೂ ಹೊಳೆಯ ಮರಿಗೂ ಸ್ಟ್ರಾಂಷಿಯಂ ಭೇದವನ್ನು ಹೇಳದು. ಜನರು ಜಿಲೇಬಿ ಮೀನೆನ್ನುವ ತಿಲಾಪಿಯವು 1952ರಲ್ಲಿ ಭಾರತಕ್ಕೆ ಬಂದಿತು. 1959ರಲ್ಲಿ ಅದರ ಪ್ರಸಾರಕ್ಕೆ ನಿಷೇಧವಾಯಿತು. ನಿಷೇಧದ ಮೇಲೆಯೂ ಅದು ಕೆರೆಯಿಂದ ಕೆರೆಗೆ ಹಬ್ಬಿತು. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಗೆ ಕೇಂದ್ರ ಸರಕಾರವು 2000ದಲ್ಲಿ ವಿಧಿಸಿದ ನಿಷೇಧದ ಗತಿಯೂ ಇದಕ್ಕಿಂತ ಬೇರೆಯಲ್ಲ. ಇಂಥ ಮೀನಿನ ಹರಳು ನೀರನ್ನು ಹೇಳೀತು, ನೀರಿನಿಂದ ನೀರಿಗೆ ದಾಟಿಸಿದ ಕೊಡವನ್ನು ಹೇಳದು.

ಲಕ್ಕುಂಡಿಯ 1007ರ ಶಾಸನದಲ್ಲಿ ಬಸದಿಯೊಂದಿಗೆ ಅದನ್ನು ಕಟ್ಟಿಸಿದ ಅತ್ತಿಮಬ್ಬೆಯ ಹೆಸರೂ ಉಂಟು. ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘವು ಹುಟ್ಟಿದುದು 1905ರಲ್ಲಿ ಎಂದು ನಾವು ನಿಸ್ಸಂಶಯವಾಗಿ ಹೇಳುವುದು, 1904ರ ಕಾಯಿದೆಯಂತೆ ಅದು ನೋಂದಣಿಯಾದುದರಿಂದ. ಕೆರೆಗೆ ಮೀನುಮರಿ ಬಿಡುವ ಇಲಾಖೆಯೂ ಸಂಘಗಳೂ ಇದೇ ಶಿಸ್ತನ್ನು ಪಾಲಿಸಿ, ಯಾವ ಜಾತಿ, ಎಷ್ಟು ಮರಿ, ಯಾವ ಕೇಂದ್ರದ್ದು, ಯಾವ ದಿನ ಬಿಟ್ಟುದು ಎಂದು ದಫ್ತರದಲ್ಲಿ ಬರೆದು ಕಾದಿರಿಸಬೇಕು. ಜೊತೆಗೆ ಕೇಂದ್ರದ ನೀರಿನ ಮಾದರಿಯೊಂದನ್ನೂ, ಪ್ರತಿ ತಂಡದಿಂದ ಹತ್ತು ಮರಿಗಳ ಕಿವಿಗಲ್ಲುಗಳನ್ನೂ ಇಡಬೇಕು. ಅಂಥ ದಫ್ತರವಿದ್ದಲ್ಲಿ, ಕಾಗದವು ಸುಳ್ಳು ಹೇಳಿದರೆ ಹರಳು ಅದನ್ನು ಹಿಡಿದೀತು. ದಫ್ತರದಲ್ಲಿ ಕಾಣದ ಮರಿಯೊಂದು ಕೆರೆಯಲ್ಲಿ ಸಿಕ್ಕರೆ, ಅದರ ಹರಳನ್ನು ಯಾವ ಕೇಂದ್ರದ ನೀರಿನೊಡನೆ ಹೋಲಿಸಬೇಕೆಂಬುದೂ ತಿಳಿದೀತು.