ಹೈಡ್ರೋಜೆಲ್ ಮತ್ತು ಸಯನ್‌ನ ನೀರಿನ ತೊಟ್ಟಿ

ನೀರಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟಿಕೊಳ್ಳುವ ಪಾರದರ್ಶಕ ಲೋಳೆ ನಿಸರ್ಗವೇ ಹೆಣೆದ ಹೈಡ್ರೋಜೆಲ್. ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ತೊಡರಿಕೊಂಡು, ತಮ್ಮ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟರೂ ಕರಗಿಹೋಗದೆ ಉಳಿಯುವ ಜಾಲಕ್ಕೆ ಈ ಹೆಸರು. ಬೆಂಡೆ, ಮೆಂತ್ಯ, ಸೆಲ್ಯುಲೋಸ್ ಮೊದಲಾದ ಸಸ್ಯಮೂಲಗಳಿಂದ ಇಂಥ ಜಾಲವನ್ನು ಪಡೆದು ಕಲುಷಿತ ನೀರನ್ನು ಶುದ್ಧೀಕರಿಸುವ ಪ್ರಯತ್ನಗಳ ಚರ್ಚೆಯಲ್ಲಿ, ನೀರನ್ನು ತಿಳಿಯಾಗಿಸುವುದು ಮತ್ತು ಅದರ ರೋಗಾಣುಗಳನ್ನು ಕೊಲ್ಲುವುದು ಎಂಬ ಎರಡು ಬೇರೆ ಕೆಲಸಗಳು ಬಹಳ ಸಲ ಒಂದೇ ಎಂಬಂತೆ ಬೆರೆತುಹೋಗುತ್ತವೆ. ಸಸ್ಯದ ಲೋಳೆ ಮಣ್ಣಿನ ಕಣಗಳನ್ನು ಅಂಟಿಸಿಕೊಂಡು ತಳಕ್ಕಿಳಿಯುವಾಗ ಒಂದಷ್ಟು ಬ್ಯಾಕ್ಟೀರಿಯಾಗಳನ್ನೂ ಒಯ್ಯುತ್ತದೆ, ಆದರೆ ಕೊಲ್ಲುವುದಿಲ್ಲ. ಕೊಲ್ಲಬೇಕಾದರೆ ಜಾಲದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನೋ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವ ಘಟಕವನ್ನೋ ಕೂಡಿಸಬೇಕು. ಎರಡನೆಯ ದಾರಿ ಹಿಡಿದ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗುಯಿಹುವಾ ಯು ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಹೈಡ್ರೋಜೆಲ್ ಗುಳಿಗೆ, ಪೆರಾಕ್ಸೈಡ್ ಮತ್ತು ಸಕ್ರಿಯ ಇಂಗಾಲದ ಜಂಟಿ ಪ್ರಭಾವದಿಂದ, ಒಂದು ಲೀಟರ್ ನದಿನೀರಿನ ಶೇ. 99.999ರಷ್ಟು ಬ್ಯಾಕ್ಟೀರಿಯಾಗಳನ್ನು ಒಂದು ಗಂಟೆಯೊಳಗೆ ನಾಶಮಾಡಿತು. ವಿದ್ಯುತ್ತಿಲ್ಲದೆ, ಹಾನಿಕರ ಉಪೋತ್ಪನ್ನಗಳಿಲ್ಲದೆ ಆದ ಈ ಕೆಲಸ ನಿಜಕ್ಕೂ ದೊಡ್ಡದು.

ಆದರೂ ಮುಂಬಯಿಯ ಸಯನ್‌ನಂಥ ತಗ್ಗು ಪ್ರದೇಶದ ಸಮಸ್ಯೆ ನದಿನೀರಿನದಲ್ಲ. ಸರೋವರಗಳ ನೀರು ಶೋಧನೆ ಮತ್ತು ಕ್ಲೋರಿನೀಕರಣ ಮುಗಿಸಿಕೊಂಡೇ ನಗರದ ಕೊಳವೆಗಳಿಗೆ ಇಳಿಯುತ್ತದೆ. ಅದು ಕೆಡುವುದು ಆಮೇಲೆ, ಅಂದರೆ ನಿಗದಿತ ಹೊತ್ತಿನ ಪೂರೈಕೆ ನಿಂತು ಒತ್ತಡ ಕುಸಿದಾಗ ಬಿರುಕುಗಳಿಂದ ಒಳಸೇರುವ ಚರಂಡಿಯ ನೀರಿನಿಂದ, ಮಳೆಗಾಲದಲ್ಲಿ ರಸ್ತೆಯ ಕೊಚ್ಚೆ ನುಗ್ಗುವ ನೆಲದಡಿಯ ತೊಟ್ಟಿಯಲ್ಲಿ. ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ 2005ರ ಜುಲೈ 26ರ ಪ್ರಳಯ ಈ ದೌರ್ಬಲ್ಯದ ಅತಿರೇಕವಷ್ಟೇ. ಇಂಥಲ್ಲಿ ನೀರನ್ನು ಕಾಯುವುದು ಶೇಷ ಕ್ಲೋರಿನ್, ಅಂದರೆ ರೋಗಾಣುಗಳನ್ನು ಕೊಂದ ಮೇಲೂ ನೀರಿನಲ್ಲಿ ಉಳಿದು ಹೊಸ ಸೋಂಕನ್ನು ತಡೆಯುವ ಅಂಶ. ಭಾರತೀಯ ಮಾನಕ 10500 ಇದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆನ್ನುತ್ತದೆ. ನೀರಿನಲ್ಲಿ ಏನನ್ನೂ ಉಳಿಸದಿರುವುದು ಗುಳಿಗೆಯ ಹಿರಿಮೆಯಾದರೆ, ತೊಟ್ಟಿಯ ಮಟ್ಟಿಗೆ ಅದೇ ಅದರ ಕೊರತೆ.

ಸಸ್ಯಮೂಲದ ವಸ್ತು ತರುವ ತೊಡಕು ಇನ್ನೊಂದು. ನುಗ್ಗೆಬೀಜದ ಪುಡಿ ನೀರನ್ನು ಬೇಗನೆ ತಿಳಿಗೊಳಿಸಿದರೂ ಅದರಿಂದ ಬಿಡುಗಡೆಯಾದ ಸಾವಯವ ಅಂಶಗಳು ಸಂಗ್ರಹಿಸಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಕ್ಲೋರಿನ್ ಅನ್ನೂ ತಿಂದುಹಾಕುತ್ತವೆ; ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೀಜದ ಪ್ರೋಟೀನನ್ನು ಮರಳಿನ ಮೇಲೆ ಕೂರಿಸಿ, ಉಳಿದದ್ದನ್ನು ತೊಳೆದುಹಾಕಿದ್ದು ಇದಕ್ಕಾಗಿಯೇ. ಆದುದರಿಂದ ಚೆನ್ನಾಗಿ ತೊಳೆದ ಸಸ್ಯಜನ್ಯ ಜೆಲ್‌ಗೆ ಸಲ್ಲುವ ಸ್ಥಾನ ಕ್ಲೋರಿನ್‌ನ ಬದಲಿಗಲ್ಲ, ಅದಕ್ಕಿಂತ ಮೊದಲು. ಈ ಕ್ಷೇತ್ರದ ಪ್ರಬಂಧಗಳು ಸಯನ್‌ನ ಜನರ ಕೆಲಸಕ್ಕೆ ಬರಬೇಕಾದರೆ, ಜುಲೈನಲ್ಲಿ ಅಲ್ಲಿನ ತೊಟ್ಟಿಗಳಿಂದಲೇ ತೆಗೆದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಎಣಿಕೆ ಒಂದು ಗಂಟೆಯ ಬಳಿಕವಷ್ಟೇ ಅಲ್ಲದೆ 24 ಗಂಟೆಗಳ ಬಳಿಕವೂ ನಡೆದಿರಬೇಕು, ಎರಡೂ ಸಲ ಶೇಷ ಕ್ಲೋರಿನ್‌ನ ಅಳತೆ ಅದರ ಪಕ್ಕದಲ್ಲಿರಬೇಕು.