ಡಿಸೆಂಬರಿನ ಹೂಕೋಸು

ಅರಸೀಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಒಂದೆಡೆ ಸೇರಬೇಕೆಂದರೆ ಡಿಸೆಂಬರಿನ ಕೊನೆಯ ವಾರವೇ ಆಗಬೇಕು. ಅಮೆರಿಕದವನಿಗೂ ಸಿಂಗಪುರದವಳಿಗೂ ಒಟ್ಟಿಗೆ ರಜ ಸಿಗುವುದು ಆಗಲೇ. ಅಡುಗೆಮನೆಯ ಪಂಚಾಂಗಕ್ಕೂ ಅದೇ ಒಳ್ಳೆಯ ಗಳಿಗೆ. ಸೊಗಡಿನ ಅವರೆಕಾಯಿ ಸಂತೆಗೆ ಬಂದಿರುತ್ತದೆ, ಹೂಕೋಸು ಬಿಗಿಯಾಗಿ, ಬೆಳ್ಳಗೆ, ಅಗ್ಗಕ್ಕೆ ಸಿಗುತ್ತಿರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಊಟದ ಮಾತೆದ್ದರೆ ಮೊದಲು ಎಲ್ಲರೂ ಭಕ್ತಿಯಿಂದ ಹಿತಕಿದಬೇಳೆ ಸಾರು, ಒತ್ತುಶಾವಿಗೆ, ಕಾಯಿಹಾಲು, ಹುಚ್ಚೆಳ್ಳು ಚಟ್ನಿ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಸಂಕೋಚ ಬಿಟ್ಟು ಕೇಳುತ್ತಾನೆ: “ಗೋಬಿ ಇಲ್ವೇನ್ರೋ?”

ಇದಕ್ಕೆ ನಗುವವರಿದ್ದಾರೆ, ನಾನು ನಗುವುದಿಲ್ಲ. ಹೋಳಿಗೆಯನ್ನು ನಾವು ತಿಂದದ್ದು ಮನೆಯವರ ನಡುವೆ ಕೂತು. ಗೋಬಿ ಮಂಚೂರಿಯನ್ನು ತಿಂದದ್ದು ಜೇಬಿನ ಚಿಲ್ಲರೆ ಒಟ್ಟುಮಾಡಿ, ತಳ್ಳುಗಾಡಿಯ ಮುಂದೆ ನಿಂತು, ಒಂದೇ ಪ್ಲೇಟಿಗೆ ನಾಲ್ಕು ಕಡ್ಡಿ ಚುಚ್ಚಿ. ಸ್ನೇಹಿತರು ಸೇರಿದಾಗ ನಾಲಿಗೆ ಅದನ್ನೇ ಕೇಳಿದರೆ ತಪ್ಪೇನು?

ಅದು ನಿಜವಾದ ಚೀನೀ ಅಡುಗೆಯೇ ಅಲ್ಲ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಕೋಳಿ ಮಂಚೂರಿಯನ್ನು ಮೊದಲು ಮಾಡಿದ್ದು ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬುದು ಎಲ್ಲರೂ ಹೇಳುವ ಕಥೆ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಗಿರಾಕಿಯೊಬ್ಬರು ಹೊಸತೇನಾದರೂ ಮಾಡಿಕೊಡು ಎಂದರಂತೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಲ್ಲಿ ಗಟ್ಟಿ ಮಾಡಿದರು ವಾಂಗ್. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ. ವಾಂಗ್ ಹುಟ್ಟಿದ ಕಲ್ಕತ್ತೆಯಲ್ಲಿ ಚೀನೀಯರು ಸುಖವಾಗೇನೂ ಇರಲಿಲ್ಲ. 1962ರ ಚೀನಾ ಯುದ್ಧದ ಹೊತ್ತಿಗೆ ಸುಮಾರು ಮೂರು ಸಾವಿರ ಭಾರತೀಯ ಚೀನೀಯರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಆಮೇಲೆ ಎಷ್ಟೋ ಮನೆಗಳು ದೇಶ ಬಿಟ್ಟವು. ಟೊರೊಂಟೊಗೆ ಹೋದವರು ಅಲ್ಲಿ ‘ಹಕ್ಕಾ’ ಎಂದು ಬೋರ್ಡು ಹಾಕಿ ಇದೇ ಮಂಚೂರಿಯನ್ನು ಬಡಿಸುತ್ತಿದ್ದಾರೆ. ಊರು ಬಿಟ್ಟುಹೋದ ಅರಸೀಕೆರೆಯವನಿಗೆ ಕೆನಡಾದ ಚಳಿಯಲ್ಲಿ ಊರಿನ ರುಚಿ ಸಿಗುವುದು, ಊರು ಬಿಟ್ಟುಬಂದ ಕಲ್ಕತ್ತೆಯವರ ಬಾಣಲೆಯಿಂದ. ನಿಜ-ಸುಳ್ಳಿನ ತಕರಾರನ್ನು ಅವರಿಬ್ಬರ ಮುಂದೆ ಎತ್ತುವ ಧೈರ್ಯ ನನಗಿಲ್ಲ.

ತಕರಾರು ಇರುವುದು ಬಣ್ಣದ ಮೇಲೆ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ಕೆಂಪು ಬೇಕೇ ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಇಲ್ಲವೇ? ಅರಸೀಕೆರೆಯಿಂದ ಹುಬ್ಬಳ್ಳಿ ರೈಲು ಹತ್ತಿದರೆ ದಾರಿಯಲ್ಲೇ ಸಿಗುವ ಊರು ಅದು. ಖಾರ ಕಡಿಮೆ, ಬಣ್ಣ ಧಾರಾಳ. ಹತ್ತು-ಹನ್ನೆರಡು ಮೆಣಸಿನಕಾಯಿಯ ಬೀಜ ಉದುರಿಸಿ, ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿಯ ಜೊತೆ ನುಣ್ಣಗೆ ರುಬ್ಬಿ. ಒಂದು ಕಿಲೋ ಹೂಕೋಸಿಗೆ ಅಷ್ಟು ಸಾಕು.

ಮನೆಯಲ್ಲಿ ಮಾಡಿದ ಗೋಬಿ ಮೆತ್ತಗಾಗುತ್ತದೆ ಎಂಬ ದೂರಿಗೆ ಕಾರಣ ನೀರು. ಹೂಕೋಸಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಕರಿದು ತೆಗೆದ ಮೇಲೂ ಒಳಗಿನ ಹಬೆ ಹೊರಗೆ ನುಗ್ಗಿ ಹೊದಿಕೆಯನ್ನು ನೆನೆಸುತ್ತದೆ. ಉಪ್ಪು, ಅರಿಶಿನ ಹಾಕಿದ ಕುದಿನೀರಲ್ಲಿ ಎರಡೇ ನಿಮಿಷ ಬಿಟ್ಟು (ಹುಳು ಇದ್ದರೆ ಅದೂ ಹೋಗಲಿ), ಬಸಿದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಎರಡು ಪಾಲು ಕಾರ್ನ್‌ಫ್ಲೋರ್, ಒಂದೊಂದು ಪಾಲು ಮೈದಾ ಮತ್ತು ಅಕ್ಕಿಹಿಟ್ಟು, ಉಪ್ಪು, ರುಬ್ಬಿದ ಕೆಂಪು ಇಷ್ಟನ್ನೂ ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಹೂಕೋಸನ್ನು ಅದರಲ್ಲಿ ಅದ್ದಿ ಎರಡು ಸಲ ಕರಿಯಬೇಕು. ಮೊದಲ ಸಲ ನಡು ಉರಿಯಲ್ಲಿ, ಬಣ್ಣ ತಿರುಗುವ ಮುಂಚೆಯೇ ತೆಗೆಯುವುದು. ಇದನ್ನು ಬೆಳಗ್ಗೆಯೇ ಮುಗಿಸಿಟ್ಟುಕೊಳ್ಳಬಹುದು. ಎರಡನೆಯದು ಸ್ನೇಹಿತರು ಬಂದು ಕೂತ ಮೇಲೆ, ಜೋರು ಉರಿಯಲ್ಲಿ, ಗರಿಯಾಗುವವರೆಗೆ. ಮೂವತ್ತು ಜನರಿಗೆಂದು ಮಸಾಲೆಯನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಿದಿರೋ, ಅದು ಪಲ್ಯವಾಯಿತೆಂದೇ ತಿಳಿಯಿರಿ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಐದಾರು ಪ್ಲೇಟಿಗಾಗುವಷ್ಟು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ ಬಿದ್ದ ಕೂಡಲೇ ಸೋಯಾ ಸಾಸ್, ಎರಡು ಹನಿ ವಿನೆಗರ್, ಗೋಬಿ, ಮೇಲೊಂದಿಷ್ಟು ಈರುಳ್ಳಿ ಸೊಪ್ಪು. ಕೆಳಗಿಳಿಸಿ, ಬಡಿಸಿ, ಮತ್ತೆ ಶುರು ಮಾಡಿ. ಟೇಸ್ಟಿಂಗ್ ಪೌಡರ್ ಏಕೆ? ಅದು ಕೊಡುವ ರುಚಿ ಸೋಯಾ ಸಾಸಿನಲ್ಲಿ ಆಗಲೇ ಇದೆ.

ತೆಂಗಿನ ಸೀಮೆಯವರ ಕೈ ಸುಮ್ಮನಿರುವುದಿಲ್ಲ, ಎಲ್ಲದರ ಮೇಲೂ ಕಾಯಿತುರಿ ಉದುರಿಸುತ್ತದೆ. ಗೋಬಿಗೆ ದಯವಿಟ್ಟು ಬೇಡ. ಕಾಯಿಗೂ ಚೀನೀಯರ ಅಡುಗೆಗೂ ನಂಟು ಬೇಕೆನ್ನುವವರು ಮಲಾಕ್ಕಾ, ಪೆನಾಂಗ್, ಸಿಂಗಪುರಗಳ ಕಡೆ ನೋಡಬೇಕು. ಅಲ್ಲಿ ತಲೆಮಾರುಗಳಿಂದ ನೆಲೆಸಿ, ಮಲಯ ಅಡುಗೆಯನ್ನೂ ತಮ್ಮದಾಗಿಸಿಕೊಂಡ ಚೀನೀ ಮನೆತನಗಳ ಹೆಸರುವಾಸಿ ತಿನಿಸು ಲಕ್ಸಾ: ತೆಂಗಿನಹಾಲಿನ ಖಾರದ ಸಾರಿನಲ್ಲಿ ಅಕ್ಕಿ ಶಾವಿಗೆ. ನಮ್ಮಲ್ಲಿ ಶಾವಿಗೆಯೂ ಇದೆ, ಕಾಯಿಹಾಲೂ ಇದೆ. ಏಲಕ್ಕಿ, ಬೆಲ್ಲ ಹಾಕಿ ಅದನ್ನು ಸಿಹಿಯ ಕಡೆಗೆ ತಿರುಗಿಸಿದೆವು, ಅಷ್ಟೇ. ಅಲ್ಲಿಯವರು ಒಣಸೀಗಡಿ ಹಾಕುತ್ತಾರೆ. ಹಬ್ಬದ ಮನೆಯಲ್ಲಿ ಅದನ್ನು ಬಿಟ್ಟು, ಬ್ಯಾಡಗಿ, ಕೊತ್ತಂಬರಿ ಬೀಜ, ಅರಿಶಿನ, ಶುಂಠಿ, ಸಣ್ಣ ಈರುಳ್ಳಿ ರುಬ್ಬಿ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಒಂದು ದಂಟು ನಿಂಬೆಹುಲ್ಲು ಜಜ್ಜಿ ಹಾಕಿ ಎರಡನೇ ಹಾಲಿನಲ್ಲಿ ಕುದಿಸಿ, ಗಟ್ಟಿ ಹಾಲನ್ನು ಕೊನೆಗೆ ಸೇರಿಸಿ ಇಳಿಸಿ. ಬಟ್ಟಲಿಗೆ ಒತ್ತುಶಾವಿಗೆ, ಮೊಳಕೆ ಬಂದ ಹೆಸರುಕಾಳು, ಮೇಲೆ ಈ ಸಾರು, ನಿಂಬೆರಸ. ನನ್ನನ್ನು ಕೇಳಿದರೆ ಗೋಬಿಗಿಂತ ಇದೇ ಒಂದು ಕೈ ಮೇಲು. ಬ್ಯಾಚಿನವರು ಒಪ್ಪುವುದಿಲ್ಲ, ಗೊತ್ತು.

ಮಾರನೆಯ ದಿನ ಜಾವಗಲ್ ದಾರಿಯಲ್ಲಿ ಹಳೇಬೀಡಿಗೂ ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೂ ಹೋಗುವುದು ರೂಢಿ. ಅಲ್ಲಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ, ಪರದೇಶದಿಂದ ಬಂದವರು ಅವನ್ನು ಮಕ್ಕಳಿಗೆ ತೋರಿಸದೆ ವಿಮಾನ ಹತ್ತುವುದಿಲ್ಲ. ಬುತ್ತಿಗೆ ಗೋಬಿ ಕಟ್ಟಬೇಡಿ, ಜಾವಗಲ್ ದಾಟುವ ಮುಂಚೆಯೇ ಮೆತ್ತಗಾಗಿರುತ್ತದೆ. ಹಿಂದಿನ ರಾತ್ರಿ ಉಳಿದ ಒತ್ತುಶಾವಿಗೆಯನ್ನು ಬಿಡಿಸಿ, ಉದ್ದಕ್ಕೆ ಹೆಚ್ಚಿದ ಕೋಸು, ಕ್ಯಾರೆಟ್, ಬೀನ್ಸನ್ನು ಜೋರು ಉರಿಯಲ್ಲಿ ಹುರಿದು, ಸೋಯಾ ಸಾಸ್, ಕಾಳುಮೆಣಸು ಹಾಕಿ ಕಲಸಿಕೊಳ್ಳಿ. ಮಧ್ಯಾಹ್ನದವರೆಗೂ ಬಿಡಿಬಿಡಿಯಾಗಿಯೇ ಇರುತ್ತದೆ. ಜೊತೆಗೆ ಬಾಳೆಕಾಯಿ ಚಿಪ್ಸ್ ಇರಲಿ, ಮಕ್ಕಳಿಗೆ ಮೊಸರನ್ನವೂ ಒಂದು ಡಬ್ಬಿ.