ಓಡಿಸಿ ನೋಡಬಹುದಾದ ಕೈಪಿಡಿ

ಅಲ್ಲಾಳಸಂದ್ರ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ಯಲಹಂಕದ ಬಸ್ಸಿನಲ್ಲಿ ಯಾರನ್ನು ಕೇಳಿದರೂ ಬೆರಳು ಮಡಚಿ ಐದು ಅನ್ನುತ್ತಾರೆ: ಅ, ಲ್ಲಾ, ಳ, ಸಂ, ದ್ರ. ಪೈಥಾನ್‌ನ ‘ಲೆನ್’ ಅನ್ನು ಕೇಳಿದರೆ 11 ಅನ್ನುತ್ತದೆ. ಗೋ ಭಾಷೆಯಲ್ಲೂ ಅದೇ ಹೆಸರಿನ ‘ಲೆನ್’ ಇದೆ, ಅದರ ಉತ್ತರ 33. ಮೂವರೂ ಸುಳ್ಳು ಹೇಳುತ್ತಿಲ್ಲ. ಪೈಥಾನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು. ಹಲಂತ, ದೀರ್ಘ, ಸೊನ್ನೆ ಎಲ್ಲಕ್ಕೂ ಅಲ್ಲಿ ಪ್ರತ್ಯೇಕ ಲೆಕ್ಕ. ಗೋ ಎಣಿಸುವುದು ಬೈಟುಗಳನ್ನು; ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು.

‘ಪಠ್ಯದ ಉದ್ದ ತಿಳಿಸುತ್ತದೆ’ ಎಂಬ ಒಂದು ಸಾಲಿನ ಡಾಕ್ಯುಮೆಂಟೇಶನ್ ನಂಬಿಕೊಂಡು, ಊರಿನ ಹೆಸರಿಗೆ ಹತ್ತು ಸಾಕು ಎಂದು ಯಾರಾದರೂ ಪೈಥಾನ್‌ನಲ್ಲಿ ಮಿತಿ ಹಾಕಿದರೆ ನಮ್ಮೂರು ‘ಅಲ್ಲಾಳಸಂದ್’ ಆಗಿ ನಿಲ್ಲುತ್ತದೆ. ಅದೇ ವಿವರಣೆಯ ಕೆಳಗೆ ಈ ಹೆಸರು, ಪಕ್ಕದಲ್ಲಿ 11 ಎಂದು ಉದಾಹರಣೆ ಇದ್ದಿದ್ದರೆ ಓದಿದವನು ತಕ್ಷಣ ಹುಬ್ಬೇರಿಸುತ್ತಿದ್ದ. ಹುಬ್ಬೇರಿದ ಮೇಲೆ ಉಳಿದದ್ದನ್ನು ಅವನೇ ಹುಡುಕಿಕೊಳ್ಳುತ್ತಾನೆ.

ನಾನು ಕೈಪಿಡಿಗಳನ್ನು ಓದುವುದು ಉದಾಹರಣೆಗಳಿಂದಲೇ. ಆದರೆ ಉದಾಹರಣೆ ಬೇಗ ಹಳಸುತ್ತದೆ. ಪ್ರೋಗ್ರಾಮ್ ಬದಲಾಗುತ್ತದೆ, ಬರೆದಿಟ್ಟ ಉತ್ತರ ಅಲ್ಲೇ ಕೂತಿರುತ್ತದೆ. ಇದಕ್ಕೆ ನನಗೆ ತುಂಬಾ ಹಿಡಿಸಿದ ಮದ್ದು ಟಿಮ್ ಪೀಟರ್ಸ್ ಬರೆದ ‘ಡಾಕ್‌ಟೆಸ್ಟ್’. 2001ರಲ್ಲಿ ಪೈಥಾನ್ 2.1ರ ಜೊತೆ ಬಂತು. ವಿವರಣೆಯೊಳಗಿನ ಉದಾಹರಣೆಗಳನ್ನು ಅದು ಹೆಕ್ಕಿ ಓಡಿಸುತ್ತದೆ. ಬರೆದಿರುವ ಉತ್ತರಕ್ಕೂ ಬಂದ ಉತ್ತರಕ್ಕೂ ತಾಳೆಯಾಗದಿದ್ದರೆ ಟೆಸ್ಟ್ ಫೇಲ್. ಗೋ, ರಸ್ಟ್ ಭಾಷೆಗಳಲ್ಲೂ ಈ ಏರ್ಪಾಡಿದೆ. ಬರೆಯುವವನಿಗೆ ಹೆಚ್ಚು ಕೆಲಸವೇನಿಲ್ಲ, ಹೇಗಿದ್ದರೂ ಪರೀಕ್ಷಿಸಲು ಟೈಪಿಸಿದ್ದೇ ಅದು.

ಬರವಣಿಗೆಯ ಸಲಕರಣೆಗಳಿಗೇನೂ ಬರವಿಲ್ಲ. ಮಾರ್ಕ್‌ಡೌನ್ 2004ರಲ್ಲಿ, ಸ್ಫಿಂಕ್ಸ್ 2008ರಲ್ಲಿ ಬಂದವು. ಕೋಡಿನಿಂದ ತಾನೇ ಪುಟ ಹೊಸೆಯುವ ಜಾವಾಡಾಕ್ ಅವಕ್ಕಿಂತ ಹಳೆಯದು. ‘ಸೆಟ್‌ನೇಮ್: ನೇಮ್ ಅನ್ನು ಸೆಟ್ ಮಾಡುತ್ತದೆ’ ಎಂಬ ಸಾಲುಗಳು ನೂರಾರು ಪುಟ ತುಂಬಿರುವುದು ಇದೇ ಸೌಕರ್ಯದ ಕೃಪೆ. ಪುಟ ಖಾಲಿ ಇದ್ದರೆ ಯಾರಿಗಾದರೂ ಬರೆಯಬೇಕು ಅನ್ನಿಸುತ್ತದೆ, ಇಂಥದ್ದು ತುಂಬಿದ್ದರೆ ಅದೂ ಇಲ್ಲ.

ಹಳಬರು ಈ ವಿಷಯದಲ್ಲಿ ನಿಷ್ಠುರರು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್‌ನಲ್ಲಿ ಹೊರತಂದ ಯುನಿಕ್ಸ್ ಕೈಪಿಡಿಯಲ್ಲಿ ‘ಬಗ್ಸ್’ ಎಂಬ ಶೀರ್ಷಿಕೆಯೇ ಇತ್ತು. ತಮ್ಮ ಪ್ರೋಗ್ರಾಮಿನ ಕುಂದನ್ನು ತಾವೇ ಬರೆದಿಡುತ್ತಿದ್ದರು. ಹೊಸ ಸಾಫ್ಟ್‌ವೇರ್ ಸಿಕ್ಕಾಗ ನಾನು ಮೊದಲು ಹುಡುಕುವುದು ಅಂಥ ಒಂದು ಪ್ಯಾರಾ. ಸಿಕ್ಕರೆ ಉಳಿದ ಪುಟಗಳನ್ನೂ ನಂಬುತ್ತೇನೆ.

ಬಳಸುವವರ ಕಡೆಯಿಂದ ನೋಡಬೇಕೆಂದರೆ ನೆರೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕೈಪಿಡಿ ತಿರುವಿ ಹಾಕಿ. ರಾಗಿ ಅಂದರೆ ಯಾವ ತಳಿ, ಯಾವಾಗ ಬಿತ್ತನೆ, ಎಷ್ಟು ಬೀಜ, ಎಷ್ಟು ಗೊಬ್ಬರ. ಹೊಲದ ಕೆಲಸ ಹೇಗೆ ಸಾಗುತ್ತದೋ ಪುಟವೂ ಹಾಗೇ. ರಾಗಿಯ ಸಸ್ಯಶಾಸ್ತ್ರ ಬೇಕಾದವರಿಗೆ ಬೇರೆ ಪುಸ್ತಕಗಳಿವೆ. ನಮ್ಮ ಟೆಕ್ ಪಾರ್ಕುಗಳ ಡಾಕ್ಸ್ ಬಹುಪಾಲು ಸಸ್ಯಶಾಸ್ತ್ರದಿಂದಲೇ ಶುರುವಾಗುತ್ತವೆ.

ಕನ್ನಡದಲ್ಲೂ ಕೈಪಿಡಿ ಬೇಕೆನ್ನುವವರಿಗೆ ನನ್ನ ಸಲಹೆ: ಹೀಗೆ ಕೆಲಸ ಹೇಳಿಕೊಡುವ ಪುಟಗಳನ್ನು ಮೊದಲು ಅನುವಾದಿಸಿ, ಉಲ್ಲೇಖದ ಪಟ್ಟಿಗಳು ಇಂಗ್ಲಿಷಿನಲ್ಲೇ ಇರಲಿ. ಸ್ಫಿಂಕ್ಸ್ ಪಠ್ಯವನ್ನು ಪ್ಯಾರಾ ಪ್ಯಾರಾ ಬಿಡಿಸಿ ಕೊಡುತ್ತದೆ. ಮೂಲ ತಿದ್ದಿಹೋದ ಪ್ಯಾರಾಗಳಿಗೆ ‘ಫಜ್ಜಿ’ ಎಂಬ ಗುರುತು ಬೀಳುತ್ತದೆ. ಅಲ್ಲಿ ಹಳೆಯ ಕನ್ನಡದ ಬದಲು ಹೊಸ ಇಂಗ್ಲಿಷ್ ಕಾಣಿಸುತ್ತದೆ. ಪುಟ ಕಲಬೆರಕೆಯಾಯಿತೆಂದು ಗೊಣಗುವವರಿದ್ದಾರೆ. ನನಗೆ ಆ ಕಲಬೆರಕೆಯೇ ಇಷ್ಟ, ಮುಂದೆ ಎಲ್ಲಿ ಕೈಹಾಕಬೇಕೆಂದು ಅನುವಾದಕನಿಗೆ ಬೇರೆ ಪಟ್ಟಿ ಬೇಕಾಗುವುದಿಲ್ಲ.